ಹದಿನೈದರಿಂದ ಹದಿನೆಂಟರವರೆಗೆ

ಮಾತಿನ ನಡುವೆ ತಂತಿಯವರು ನಿಂತುಬಿಡುತ್ತಿದ್ದರು. ಉಸಿರು ಕಟ್ಟಿ ನಿಂತದ್ದಲ್ಲ, ಹೇಳಬೇಕಾದದ್ದು ಮರೆತು ತಡವರಿಸಿದ್ದೂ ಅಲ್ಲ. ಸುರಿಯುವ ನಲ್ಲಿಯನ್ನು ಯಾರೋ ತಿರುಗಿಸಿ ಬಿಗಿದಂತೆ, ವಾಕ್ಯದ ಕೊನೆಗೆ ಇನ್ನೊಂದೇ ಪದ ಬಾಕಿಯಿದ್ದರೂ ಅಲ್ಲಿಗೇ ನಿಲುಗಡೆ. ಗಂಟೆ ಯಾವುದೇ ಇರಲಿ, ನಿಮಿಷದ ಮುಳ್ಳು ಹದಿನೈದಕ್ಕೆ ಬಂತೆಂದರೆ ಅವರ ಬಾಯಿಗೆ ಬೀಗ. ಹದಿನೆಂಟಕ್ಕೆ ಬಂತೆಂದರೆ ಬೀಗ ತೆರೆದು, ಬಾಕಿಯಿದ್ದ ಆ ಪದ ಏನೂ ಆಗಿಲ್ಲವೆಂಬಂತೆ ಹೊರಗೆ ಬರುತ್ತಿತ್ತು. ನಲವತ್ತೈದರಿಂದ ನಲವತ್ತೆಂಟರವರೆಗೆ ಮತ್ತೆ ಅದೇ ವ್ರತ. ಆ ಮೂರು ನಿಮಿಷ ತಲೆ ಎಡಕ್ಕೆ ಒಂದಿಷ್ಟು ವಾಲಿ, ಕಣ್ಣು ಅರೆಮುಚ್ಚಿ, ತುಟಿಯ ಬಳಿ ಬಂದ ಲೋಟ ತುಟಿಯ ಬಳಿಯೇ ಉಳಿಯುತ್ತಿತ್ತು. ಅವರು ಕೈಗೆ ಗಡಿಯಾರ ಕಟ್ಟಿದವರಲ್ಲ. ಗೋಡೆಯ ಗಡಿಯಾರದತ್ತ ಕಣ್ಣು ಹಾಯಿಸಿದ್ದನ್ನೂ ಯಾರೂ ಕಂಡಿಲ್ಲ.

ಯುದ್ಧನೌಕೆಯ ನಿಸ್ತಂತು ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೂತೆದ್ದು ಬಂದವರಾದ್ದರಿಂದ ಅವರಿಗೆ ತಂತಿಯವರೆಂದೇ ಹೆಸರು ಬಿದ್ದಿತ್ತು. ವಯಸ್ಸು ಎಪ್ಪತ್ತನಾಲ್ಕು. ಮೈಮೇಲೆ ಸದಾ ಒಂದು ಕಡುನೀಲಿ ಕೋಟು. ಅದರ ಆರು ಗುಂಡಿಗಳಲ್ಲಿ ನಾಲ್ಕು ಹಿತ್ತಾಳೆಯವು, ಎರಡು ಕರೀ ಪ್ಲಾಸ್ಟಿಕ್ಕಿನವು. ನೆಲ ಯಾವ ಕ್ಷಣದಲ್ಲಾದರೂ ವಾಲೀತೆಂಬ ಗುಮಾನಿಯಲ್ಲಿ ಕಾಲುಗಳನ್ನು ಅಗಲಿಸಿ ನಡೆಯುತ್ತಿದ್ದರು. ಭದ್ರವಾದ ಕಲ್ಲಿನ ಮೆಟ್ಟಿಲನ್ನೂ ಗೋಡೆ ಹಿಡಿದೇ ಹತ್ತುತ್ತಿದ್ದರು. ಹೇಳಿದ ಮಾತಿಗೆಲ್ಲ ಕೊನೆಯಲ್ಲೊಂದು ಮುದ್ರೆ ಒತ್ತುವ ಚಾಳಿ ಬೇರೆ: “ಸಕ್ಕರೆ ಬೇಡ, ಮುಗೀತು.” “ನಾಳೆ ಬರಲ್ಲ, ಮುಗೀತು.” ಅದನ್ನು ಕೇಳಿ ನಕ್ಕವರೇ ಎರಡು ತಿಂಗಳೊಳಗೆ ತಮ್ಮ ಮನೆಗಳಲ್ಲಿ ಹಾಗೆ ಮಾತಾಡತೊಡಗಿದ್ದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ, ದರ್ಜಿ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ, ನೌಕಾಸಮರದ ಚರ್ಚಾಕೂಟ ಸೇರುತ್ತಿತ್ತು. ಅದರ ಕಾರ್ಯದರ್ಶಿ ಔಷಧದ ಅಂಗಡಿ ಇಟ್ಟುಕೊಂಡವನು. ಜನ್ಮದಲ್ಲಿ ದೋಣಿ ಹತ್ತಿದವನಲ್ಲ, ಸೊಂಟದ ಮಟ್ಟದ ನೀರು ಕಂಡರೂ ಹಿಂದೆ ಸರಿಯುವವನು. ಆದರೆ ಯಾವ ಕ್ಷಿಪಣಿ ಎಷ್ಟು ದೂರ ಹಾರುತ್ತದೆ, ಯಾವ ಜಲಾಂತರ್ಗಾಮಿಯ ಉಕ್ಕು ಎಷ್ಟು ಬೆರಳು ದಪ್ಪ ಎಂದು ಕೇಳಿದರೆ, ಮಾತ್ರೆಯ ಹೆಸರು ಹೇಳುವಷ್ಟೇ ಸಲೀಸಾಗಿ ಹೇಳುತ್ತಿದ್ದ. ಅವನ ಎದುರಿಗೆ ನಿಜವಾಗಿ ಸಮುದ್ರ ಕಂಡ ಇಬ್ಬರು ನಿವೃತ್ತರು: ಫಿರಂಗಿಯ ಹಿಂದೆ ನಿಂತಿದ್ದ ಗನ್ನರ್, ಎಂಜಿನ್ ಕೋಣೆಯಲ್ಲಿ ಬೆಂದುಬಂದಿದ್ದ ಮೇಸ್ತ್ರಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಆ ಇಬ್ಬರ ಸಂಬಂಧ ಹಾಗಿತ್ತು. ಕ್ಷಿಪಣಿ ಬಂದ ಮೇಲೆ ಫಿರಂಗಿಯ ಕಾಲ ಮುಗಿಯಿತೇ ಎಂಬ ಒಂದೇ ಪ್ರಶ್ನೆಯನ್ನು ಅವರು ಏಳು ವರ್ಷಗಳಿಂದ ಜಗಿಯುತ್ತಿದ್ದರು, ಇನ್ನೂ ನುಂಗಿರಲಿಲ್ಲ.

ಆ ಮೌನ ಏನೆಂದು ಮೊದಲು ಕೇಳಿದವನು ಕಾರ್ಯದರ್ಶಿಯೇ. ತಂತಿಯವರು ಚುಟುಕಾಗಿ ಹೇಳಿದ್ದರು: ಕಡಲಿನ ಹಳೆಯ ಕಟ್ಟಳೆ ಅದು; ಗಂಟೆಗೆ ಎರಡು ಸಲ, ಮೂರು ಮೂರು ನಿಮಿಷ, ಎಲ್ಲ ಹಡಗುಗಳ ನಿಸ್ತಂತು ಯಂತ್ರಗಳೂ ಕಳುಹಿಸುವುದನ್ನು ನಿಲ್ಲಿಸಿ ಬರೀ ಕೇಳಬೇಕು. ಎಲ್ಲೋ ದೂರದಲ್ಲಿ ಮುಳುಗುತ್ತಿರುವ ಹಡಗಿನ ಕ್ಷೀಣ ಕೂಗು ಉಳಿದವರ ಗದ್ದಲದಲ್ಲಿ ಅಡಗಿಹೋಗಬಾರದೆಂದು ಈ ಏರ್ಪಾಡು. ನಿಸ್ತಂತು ಕೋಣೆಯ ಗಡಿಯಾರದ ಮುಖದ ಮೇಲೆ ಆ ಭಾಗಕ್ಕೆ ಕೆಂಪು ಬಳಿದಿರುತ್ತಿದ್ದರು. ಈಗ ಉಪಗ್ರಹಗಳು ಬಂದಿವೆ, ಆ ಯಂತ್ರಗಳೂ ಇಲ್ಲ, ಆ ಕಟ್ಟಳೆಯೂ ಇಲ್ಲವಲ್ಲ ಎಂದು ಕಾರ್ಯದರ್ಶಿ ತನ್ನ ಜ್ಞಾನ ತೋರಿಸಿದ. “ಮುಳುಗೋದು ಇದೆಯಲ್ಲ,” ಎಂದರು ತಂತಿಯವರು, “ಮುಗೀತು.”

ಒಮ್ಮೆ ಅವರಿಗೆ ಜ್ವರ ಬಂದು ಕಾರ್ಯದರ್ಶಿ ಔಷಧ ಕೊಡಲು ಮನೆಗೆ ಹೋಗಿದ್ದ. ಅವರ ಹೆಂಡತಿ ನಗುನಗುತ್ತಲೇ ಹೇಳಿಕೊಂಡರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಒಂದು ಸಲವೂ ತಪ್ಪಿಸಿದವರಲ್ಲವಂತೆ. ಮಗ ಹುಟ್ಟಿದ ಸುದ್ದಿ ತಂದ ದಾದಿಯನ್ನು ಬಾಗಿಲಲ್ಲೇ ಮೂರು ನಿಮಿಷ ನಿಲ್ಲಿಸಿದ್ದರಂತೆ. ಜಗಳ ತೆಗೆಯಲು ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ, ತಿರುಗಿ ಮಾತೇ ಆಡುವುದಿಲ್ಲ ಎಂದು ಆಕೆ ಗೇಲಿ ಮಾಡಿದರು. ಆಮೇಲೆ ಒಳಕೋಣೆಯತ್ತ ನೋಡಿ ದನಿ ತಗ್ಗಿಸಿದರು. “ನಿದ್ದೇಲೂ ಅಷ್ಟೇನಪ್ಪ. ಆ ಹೊತ್ತಿಗೆ ಸರಿಯಾಗಿ ಉಸಿರು ಸಣ್ಣ ಮಾಡ್ಕೊಂಡು ಮಲಗಿರ್ತಾರೆ. ಪಕ್ಕದಲ್ಲಿ ನನಗೂ ಎಚ್ಚರ ಆಗುತ್ತೆ. ಏನು ಕೇಳಿಸ್ಕೊಳ್ತಾರೆ ಅಂತ ನಾನು ಇವತ್ತಿನವರೆಗೂ ಕೇಳಿಲ್ಲ. ಕೇಳೋಕೆ ಭಯ.”

ಆ ಜ್ವರದ ವಾರದ ಭಾನುವಾರ, ತಂತಿಯವರಿಲ್ಲದ ಕೋಣೆಯಲ್ಲಿ, ಗನ್ನರ್ ಮೇಜು ಗುದ್ದುತ್ತಿದ್ದರು, ಮೇಸ್ತ್ರಿ ಅವರ ಮಾತಿಗೆ ಅಡ್ಡಬಾಯಿ ಹಾಕುತ್ತಿದ್ದರು. ಇದ್ದಕ್ಕಿದ್ದಂತೆ ಇಬ್ಬರೂ ಸುಮ್ಮನಾದರು. ಕೆಳಗೆ ದರ್ಜಿಯ ಮೂರು ಹೊಲಿಗೆ ಯಂತ್ರಗಳ ಸದ್ದೂ ಅಡಗಿತು. ಕಾರ್ಯದರ್ಶಿ ಮೆಲ್ಲನೆ ಕತ್ತೆತ್ತಿ ಗಡಿಯಾರ ನೋಡಿದ: ಹನ್ನೊಂದೂ ಹದಿನೈದು. ಆ ಮೌನದಲ್ಲಿ, ಕೋಣೆಯಲ್ಲಿ ಎಣಿಕೆಗಿಂತ ಒಬ್ಬರು ಹೆಚ್ಚಾಗಿದ್ದಾರೆ, ಅವರು ಈಗ ಬಾಯಿ ತೆರೆಯುತ್ತಾರೆ ಎಂದು ಅವನಿಗೆ ಅನ್ನಿಸಿತು. ಹದಿನೆಂಟಕ್ಕೆ ಮೇಸ್ತ್ರಿ ಕೆಮ್ಮಿದರು, ಚರ್ಚೆ ಬಿಟ್ಟಲ್ಲಿಂದ ಸಾಗಿತು. ಇಳಿದು ಹೋಗುವಾಗ ದರ್ಜಿ, ಮೇಲೆ ಏನಾಯಿತು ಎಂದು ಕೇಳಿದ. ಯಂತ್ರ ಯಾಕೆ ನಿಲ್ಲಿಸಿದೆನೋ ತನಗೇ ತಿಳಿಯದು ಎಂದ. ಕಾರ್ಯದರ್ಶಿ ಚಪ್ಪಲಿ ಮೆಟ್ಟಿ ಬೀದಿಗಿಳಿದ.

ಕೂಟಕ್ಕೆ ಇನ್ನೊಂದು ನಿತ್ಯವಿವಾದವಿತ್ತು. ನಲವತ್ತನಾಲ್ಕು ವರ್ಷಗಳ ಹಿಂದೆ, ಯುದ್ಧ ಮುಗಿದು ಎಂಟು ತಿಂಗಳಾಗಿದ್ದಾಗ, ಒಂದು ಸರಬರಾಜು ನೌಕೆ ಹಾಡಹಗಲಲ್ಲಿ, ತಿಳಿಯಾದ ಸಮುದ್ರದಲ್ಲಿ, ಮೂವತ್ತನಾಲ್ಕು ಜನರೊಂದಿಗೆ ಇಲ್ಲವಾಗಿತ್ತು. ನೀರಿನ ಮೇಲೆ ಒಂದಿಷ್ಟು ಎಣ್ಣೆ, ಒಂದು ಮರದ ಏಣಿ, ಅಷ್ಟೇ ಸಿಕ್ಕಿದ್ದು. ಯುದ್ಧದಲ್ಲಿ ಕಡಲಿಗೆ ಬಿಟ್ಟ ಸಿಡಿಬಾಂಬು ತೇಲಿಬಂದು ತಗುಲಿತೆಂದು ಗನ್ನರ್ ಅವರ ವಾದ. ಹಡಗಿನ ಒಡಲೊಳಗಿದ್ದ ಸಿಡಿಮದ್ದೇ ಹೊತ್ತಿತೆಂದು ಮೇಸ್ತ್ರಿಯದು. ಈ ಮಾತು ಎದ್ದಾಗಲೆಲ್ಲ ತಂತಿಯವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಯಾವ ಪಕ್ಷವನ್ನೂ ಅವರು ಹಿಡಿದದ್ದಿಲ್ಲ.

ಕಾರ್ಯದರ್ಶಿಗೆ ಮಾತ್ರ ಮೂರನೆಯದೊಂದು ಹೊಳೆದಿತ್ತು. ಹಡಗು ಹೇಗೆ ಮುಳುಗಿತೆಂಬುದಲ್ಲ, ಯಾಕೆ ಒಂದು ಅಕ್ಷರವೂ ಹೊರಡಲಿಲ್ಲ ಎಂಬುದೇ ರಹಸ್ಯವೆಂದು ಅವನು ಒಂದು ಲೇಖನ ಬರೆದ. ವಿಚಾರಣೆಯ ವರದಿಯನ್ನು ಎಲ್ಲಿಂದಲೋ ದೊರಕಿಸಿಕೊಂಡು, ನಿಸ್ತಂತು ನಿರ್ವಾಹಕ ತನ್ನ ಸ್ಥಾನದಲ್ಲಿ ಇರಲಿಲ್ಲವೆಂದು ಅದರಲ್ಲಿ ತೀರ್ಮಾನಿಸಿದ್ದನ್ನು ಉದ್ಧರಿಸಿ, “ಒಬ್ಬನ ಅಲಕ್ಷ್ಯ ಮೂವತ್ತಮೂರು ಜನರನ್ನು ನುಂಗಿತು” ಎಂಬ ವಾಕ್ಯದಿಂದ ಮುಗಿಸಿದ್ದ. ಆ ವಾಕ್ಯದ ಮೇಲೆ ಅವನಿಗೆ ಬಲು ಮೋಹ. ಕೂಟದಲ್ಲಿ ಓದಿದ, ಅಂತರ್ಜಾಲದಲ್ಲೂ ಹಾಕಿದ. ಓದಿದ ದಿನ ತಂತಿಯವರು ಚಹಾ ಮುಟ್ಟದೆ ಎದ್ದುಹೋದರು. ಇವನಿಗೋ ಲೇಖನ ನಾಟಿದೆಯೆಂಬ ಹೆಮ್ಮೆ.

ಮೂರು ವಾರ ಕಳೆದು ಕೂಟಕ್ಕೆ ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು, ಅಚ್ಚುಕಟ್ಟಾದ ಉಡುಪು, ಕೈಯಲ್ಲಿ ಆ ಲೇಖನದ ಮುದ್ರಿತ ಪ್ರತಿ. ಲೇಖಕರೊಡನೆ ಎರಡು ಮಾತಾಡಬೇಕೆಂದಳು. ಕಾರ್ಯದರ್ಶಿ ಅಭಿಮಾನಿ ಬಂದಳೆಂದು ಉಬ್ಬಿ ಕುರ್ಚಿ ಎಳೆಯುವಷ್ಟರಲ್ಲಿ ಹನ್ನೊಂದೂ ಹದಿನೈದು ಆಯಿತು. ಗನ್ನರ್ ಎದ್ದು ಫ್ಯಾನ್ ಆರಿಸಿದರು. ಅಷ್ಟು ಹೊತ್ತಿಗೆ ಅದು ಕೂಟದ ರೂಢಿಯೇ ಆಗಿಹೋಗಿತ್ತು. ಆಕೆ ಏನೋ ಪ್ರಾರ್ಥನೆಯೆಂದುಕೊಂಡು ತಲೆ ತಗ್ಗಿಸಿ ಕೂತಳು. ಫ್ಯಾನಿನ ರೆಕ್ಕೆಗಳು ಪೂರ್ತಿ ನಿಂತ ಮೇಲೆ ಒಂದು ಸಣ್ಣ ಸದ್ದು ಕೇಳತೊಡಗಿತು. ಟಕ್, ಟಕ್‌ಟಕ್, ನಿಧಾನ, ಮತ್ತೆ ಟಕ್. ಆಕೆಯ ತೋರುಬೆರಳು ಮೇಜಿನಂಚನ್ನು ತಟ್ಟುತ್ತಿತ್ತು. ಆಕೆಗೆ ಅದರ ಪರಿವೆಯಿರಲಿಲ್ಲ. ತಂತಿಯವರ ಅರೆಮುಚ್ಚಿದ ಕಣ್ಣು ತೆರೆಯಿತು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಹದಿನಾರನೆಯ ನಿಮಿಷದಲ್ಲಿ, ಆ ಮನುಷ್ಯ ತಮ್ಮ ವ್ರತ ಮುರಿದು ಮಾತಾಡಿದರು.

“ಇದನ್ನ ನಿಂಗೆ ಯಾರು ಕಲಿಸಿದ್ರು, ತಾಯಿ?”

ಏನನ್ನು ಎಂದು ಆಕೆ ಬೆಪ್ಪಾದಳು. ಅವರು ಬೆರಳು ತೋರಿಸಿದರು. ಅದೊಂದು ಕೆಟ್ಟ ಅಭ್ಯಾಸವೆಂದು ಆಕೆ ನಾಚಿ ಕೈ ಹಿಂದೆಗೆದುಕೊಂಡಳು. ತಾನು ಮಗುವಾಗಿದ್ದಾಗ ಅಪ್ಪ ಬೆನ್ನು ತಟ್ಟಿ ಮಲಗಿಸುತ್ತಿದ್ದದ್ದು ಹೀಗೆ, ತನ್ನ ಮಕ್ಕಳನ್ನು ತಾನು ಮಲಗಿಸಿದ್ದೂ ಹೀಗೇ ಎಂದಳು.

“ಅದು ತಟ್ಟೋದಲ್ಲಮ್ಮ. ಚುಕ್ಕಿ-ಗೆರೆಯ ತಂತಿಭಾಷೇಲಿ ನಾಲ್ಕು ಅಕ್ಷರ. ಒಂದು ಹಡಗಿನ ಗುರುತು. ಕೊನೇ ಚುಕ್ಕೀನ ಎಳೀತೀಯ ನೀನು. ಅವನೂ ಎಳೀತಿದ್ದ.”

ಬರೆಯುವ ಕೈಯಲ್ಲಿ ಒಂದೊಂದು ಬರವಣಿಗೆ ಇರುವಂತೆ, ಯಂತ್ರ ಒತ್ತುವ ಪ್ರತಿಯೊಬ್ಬನಿಗೂ ತನ್ನದೇ ‘ಕೈ’ ಇರುತ್ತದೆ, ಮುಖ ಕಾಣದವರೂ ಅದರಿಂದಲೇ ಒಬ್ಬರನ್ನೊಬ್ಬರು ಗುರುತಿಸುತ್ತಾರೆ ಎಂದು ಹಿಂದೊಮ್ಮೆ ಅವರೇ ಹೇಳಿದ್ದರು. ಆರು ವರ್ಷದ ಮಗುವಿನ ಬೆನ್ನಿನಿಂದ ಐವತ್ತು ವರ್ಷದ ಬೆರಳಿಗೆ ಇಳಿದುಬಂದ ಆ ಕೈ, ಇಲ್ಲವಾದ ನೌಕೆಯ ನಿಸ್ತಂತು ನಿರ್ವಾಹಕನದೆಂದು ಈಗ ಕೋಣೆಗೆಲ್ಲ ತಿಳಿಯಿತು. ಆಕೆ ಲೇಖನದ ಪ್ರತಿಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಅಪ್ಪನ ಮೇಲೆ ಆ ಮಾತನ್ನು ವಿಚಾರಣೆಯವರು ಬರೆದ ದಿನದಿಂದ ಅಮ್ಮ ನೆಂಟರ ಮನೆಯ ಹೊಸಿಲು ತುಳಿದಿಲ್ಲ; ಸತ್ತ ಮೂವತ್ತಮೂರು ಜನರ ಹೆಂಡಂದಿರು ಒಟ್ಟಿಗೆ ಸೇರುತ್ತಿದ್ದಲ್ಲಿಗೆ ಅವಳಿಗೆ ಕರೆಯಿರಲಿಲ್ಲ; ಈಗ ಮೊಮ್ಮಗಳೇ ಅಂತರ್ಜಾಲದಲ್ಲಿ ಇದನ್ನು ಓದಿ, ಅಜ್ಜ ಎಲ್ಲಿಗೆ ಹೋಗಿದ್ದರು ಎಂದು ಕೇಳಿದ್ದಾಳೆ. ಅಪ್ಪ ಕೂಗಲೇ ಇಲ್ಲ ಎಂದು ಖಂಡಿತವಾಗಿ ಹೇಗೆ ಬರೆದಿರಿ, ಅದನ್ನು ಕೇಳಲು ಬಂದೆ ಎಂದಳು. ಕಾರ್ಯದರ್ಶಿಗೆ ಆ ಕೊನೆಯ ವಾಕ್ಯವನ್ನು ಎದುರಿಗೆ ಕಂಡು ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಉತ್ತರ ಕೊಟ್ಟವರು ತಂತಿಯವರು. ಆ ಹೊತ್ತು ಅವರು ನಲವತ್ತು ಮೈಲಿ ದೂರದ ಕಾವಲು ನೌಕೆಯಲ್ಲಿ ಯಂತ್ರದ ಮುಂದಿದ್ದರು. ದಡದ ಠಾಣೆಯಲ್ಲೊಬ್ಬ ಗೆಳೆಯ. ಇಬ್ಬರಿಗೂ ಬೆಳಗಿನಿಂದ ಯಂತ್ರದಲ್ಲೇ ಜಿದ್ದು ಹತ್ತಿತ್ತು, ಫಿರಂಗಿಯ ಕಾಲ ಮುಗಿಯಿತೇ ಇಲ್ಲವೇ ಎಂದು. ಗೆಲ್ಲುವ ಆವೇಶದಲ್ಲಿ ಮುಳ್ಳು ಕೆಂಪಿಗೆ ಬಂದದ್ದನ್ನು ನೋಡಲಿಲ್ಲ. “ನನ್ನ ಎರಡು ಮಾತಿನ ಸಂದಿಯಲ್ಲಿ ಅವನ ಕೈ ಕೇಳಿಸ್ತು. ನಾಲ್ಕೇ ಅಕ್ಷರ. ಇವನೂ ವಾದಕ್ಕೆ ಬಂದ ಅಂದ್ಕೊಂಡೆ. ನಮ್ಮಲ್ಲಿ ಒಂದು ಗುರುತಿದೆ, ಚುಕ್ಕಿ, ಗೆರೆ, ಮೂರು ಚುಕ್ಕಿ. ಸ್ವಲ್ಪ ತಾಳು ಅಂತ ಅರ್ಥ. ಅದನ್ನ ಒತ್ತಿ ನನ್ನ ವಾದ ಮುಂದುವರಿಸ್ದೆ.” ಆಮೇಲೆ ಏನೂ ಕೇಳಲಿಲ್ಲ. ದಾಖಲೆ ಪುಸ್ತಕದಲ್ಲಿ ಎಂದಿನಂತೆ, ಮೌನ ಪಾಲಿಸಲಾಯಿತು, ಯಾವ ಕರೆಯೂ ಇಲ್ಲ ಎಂದು ಬರೆದರು. ಆ ಸಾಲನ್ನು ನೆಚ್ಚಿಯೇ ವಿಚಾರಣೆಯವರು ಸತ್ತವನನ್ನು ಅಪರಾಧಿ ಮಾಡಿದರು. ಕೆಲಸ ಹೋದೀತು, ಸೆರೆಮನೆಯಾದೀತು ಎಂಬ ಹೆದರಿಕೆಯಲ್ಲಿ ಬಾಯಿ ಬಿಡಲಿಲ್ಲ. ಹೆದರಿಕೆ ಹೋಗುವ ವಯಸ್ಸು ಬಂದಾಗ ಹೇಳುವ ನಾಲಿಗೆಯೇ ಉಳಿದಿರಲಿಲ್ಲ.

ಆಕೆ ಅಳಲಿಲ್ಲ, ಬಯ್ಯಲಿಲ್ಲ. “ನನಗೆ ಹೇಳಿದ್ರೆ ಸಾಲ್ದು. ಅಮ್ಮನಿಗೆ ಹೇಳಿ, ಏಳಿ,” ಎಂದಳು. “ಕಿವಿ ಮಂದ ಅವಳಿಗೆ. ಕೂಗಿ ಹೇಳ್ಬೇಕಾಗುತ್ತೆ.”

ತಂತಿಯವರು ಎದ್ದರು. ಕಾರ್ಯದರ್ಶಿಯೂ ಹೋದ, ತಾನು ಬರೆದದ್ದಕ್ಕೆ ತನ್ನ ಪಾಲಿನ ಶಿಕ್ಷೆ ಅದೆಂದು ಅವನಿಗೆ ಹೊಳೆದಿತ್ತು. ಎರಡು ಬೀದಿ ದಾಟಿ, ಸಾಲುಮನೆಗಳ ನಡುವಿನ ಒಂದು ಮುಂಗೋಣೆ. ಎಪ್ಪತ್ತು ದಾಟಿದ ಮುದುಕಿ ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದರು. ತಂತಿಯವರು ಮೆಲ್ಲನೆ ಹೇಳಿದರು, ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದರು. ಗಟ್ಟಿಯಾಗಿ ಹೇಳಪ್ಪ ಎಂದು ಮುದುಕಿ ಕಿವಿಗೆ ಕೈ ಹಿಡಿದರು. ಆಗ ಅವರು ಕೂಗಿದರು. ಪಕ್ಕದ ಮನೆಯ ಕಿಟಕಿ ತೆರೆಯುವಷ್ಟು, ಕೊರಳ ನರ ಬಿಗಿಯುವಷ್ಟು, ತಪ್ಪು ಅವನದಲ್ಲ, ಅವನು ಜಾಗದಲ್ಲೇ ಇದ್ದ, ಅವನು ಕರೆದಿದ್ದ ಎಂದು ಕೂಗಿದರು. ನಲವತ್ತನಾಲ್ಕು ವರ್ಷ ಒಳಗೇ ಕೊಳೆತದ್ದನ್ನು ಬೀದಿಗೆಲ್ಲ ಸಾರುವ ಆ ದನಿ ಕೇಳಿ ಕಾರ್ಯದರ್ಶಿಯ ಕಣ್ಣಲ್ಲಿ ನೀರು ಬಂತು.

ಮುದುಕಿ ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ. “ಕರೆದ್ನಾ,” ಎಂದರು. “ನೀನೇನಂದೆ?”

“ತಾಳು ಅಂದೆ.”

“ಏನು?”

“ತಾಳು ಅಂದೆ ತಾಯಿ! ತಾಳು ಅಂದೆ!”

ಮುದುಕಿ ಅವರ ಮುಖವನ್ನು ನೋಡಿದರು. ಆಮೇಲೆ ತಲೆಯಾಡಿಸಿ, ಮಡಿಸಿದ ಅಂಗಿಯನ್ನು ಅಂಗೈಯಿಂದ ನೇವರಿಸಿ, ಊರಿಗೆ ಹೋದ ಗಂಡನ ವಿಷಯ ಮಾತಾಡುವಷ್ಟು ಸಾದಾ ದನಿಯಲ್ಲಿ ಅಂದರು: “ಹಾಗಾದ್ರೆ ಕಾಯ್ತಿರ್ತಾನೆ. ಹೇಳಿದ ಮಾತು ಮೀರೋನಲ್ಲ ಅವನು.”

ಅದು ಕ್ಷಮೆಯೋ ಶಾಪವೋ ಕಾರ್ಯದರ್ಶಿಗೆ ಇಂದಿಗೂ ಬಗೆಹರಿದಿಲ್ಲ. ತಂತಿಯವರಿಗೆ ಬಗೆಹರಿದಂತಿತ್ತು, ಅವರು ಮುದುಕಿಯ ಕಾಲಬುಡದಲ್ಲಿ ನೆಲದ ಮೇಲೆ ಕೂತುಬಿಟ್ಟಿದ್ದರು. ಯುದ್ಧದ ಬಗ್ಗೆ ಮಾತಾಡುವ ನಮ್ಮಂಥವರ ಬಳಿ ಅಭಿಪ್ರಾಯಗಳಿರುತ್ತವೆ, ಒಂದು ಸವೆದರೆ ಇನ್ನೊಂದು ತೊಡುತ್ತೇವೆ. ಯುದ್ಧದಿಂದ ಬಂದವರಲ್ಲಿ ಇನ್ನೊಂದು ಜಾತಿಯವರಿದ್ದಾರೆ. ಅವರ ಬಳಿ ಇರುವುದು ಒಂದು ಗಳಿಗೆ ಮಾತ್ರ. ಮದುವೆಯಾಗುತ್ತಾರೆ, ಮಕ್ಕಳನ್ನು ಸಾಕುತ್ತಾರೆ, ಮೆಟ್ಟಿಲು ಹತ್ತಿ ನಮ್ಮ ಪಕ್ಕದಲ್ಲಿ ಬಂದು ಚಹಾ ಕುಡಿಯುತ್ತಾರೆ, ಎಲ್ಲವನ್ನೂ ಆ ಗಳಿಗೆಯ ಒಳಗೇ ಕೂತು ಮಾಡುತ್ತಾರೆ. ನಮಗೆ ಅವರು ಮೌನಿಗಳಾಗಿ ಕಾಣುವುದು ನಮ್ಮ ಭ್ರಮೆ. ಸತ್ತವನೊಬ್ಬ ಮಾತು ಮುಗಿಸಲೆಂದು ಅವರು ದಾರಿ ಬಿಟ್ಟು ಕೂತಿರುತ್ತಾರೆ.