ಸೋಮವಾರದವರೆಗೆ ಗುಟ್ಟು

ಕೇಂದ್ರ ಬ್ಯಾಂಕಿನಲ್ಲಿ ಬಡ್ಡಿದರ ನಿರ್ಧಾರಕ್ಕೆ ಮುಂಚಿನ ಏಳು ದಿನ ಯಾರೂ ತುಟಿ ಬಿಚ್ಚುವಂತಿಲ್ಲ. ಮೂವತ್ತು ವರ್ಷ ಅಲ್ಲಿ ಅರ್ಥಶಾಸ್ತ್ರಜ್ಞೆಯಾಗಿದ್ದು ಉಪಗವರ್ನರ್ ಆಗಿ ನಿವೃತ್ತಳಾದ ಆಕೆಗೆ ಆ ಏಳು ದಿನಗಳೇ ಸ್ವಭಾವವಾಗಿಬಿಟ್ಟಿದ್ದವು. ಮನೆಯವರು 'ಮೌನಗೌರಿ' ಎಂದು ಛೇಡಿಸುತ್ತಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುವುದೇನೋ ಸರಿ, ಆ ಬಂಗಾರಕ್ಕೆ ಬೆಲೆ ತೆತ್ತವರು ಮಾತ್ರ ಬೇರೆಯವರು.

ಅಂಥ ಒಂದು ವಾರದಲ್ಲೇ ತಂಗಿಯ ಗಂಡ ಬಂದು, ಬೇಕರಿ ದೊಡ್ಡದು ಮಾಡಲು ಈಗ ಸಾಲ ತೆಗೆಯಲೇ ಎಂದು ಕೇಳಿದ್ದ. ಆಕೆ ಕಾಫಿ ಕೊಟ್ಟಳೇ ಹೊರತು ಉತ್ತರ ಕೊಡಲಿಲ್ಲ. ಬೇಡ ಅನ್ನಲಿಲ್ಲವಲ್ಲ ಎಂದುಕೊಂಡು ಆತ ಸಾಲ ಮಾಡಿದ. ಬಡ್ಡಿ ಏರಿತು, ಎರಡೇ ವರ್ಷದಲ್ಲಿ ಬೇಕರಿ ಬಾಗಿಲು ಮುಚ್ಚಿತು. ಅಂದಿನಿಂದ ತಂಗಿಯ ಮನೆಯ ಮೆಟ್ಟಿಲು ಹತ್ತುವಾಗ ಆಕೆಗೆ ಕಾಲು ಭಾರ.

ಈಗ ಆಕೆ ಬಟ್ಟೆ ಕಂಪನಿಯೊಂದರ ಅಧ್ಯಕ್ಷೆ. ಬಣ್ಣ ಹಾಕುವ ಘಟಕವನ್ನು ಮುಚ್ಚಲು ಗುರುವಾರದ ಸಭೆಯಲ್ಲಿ ಎಲ್ಲರೊಡನೆ ತಾನೂ ಕೈ ಎತ್ತಿದ್ದಳು. ಪ್ರಕಟಣೆ ಸೋಮವಾರ, ಅಲ್ಲಿಯವರೆಗೆ ಗುಟ್ಟು. ಶನಿವಾರ ಬೆಳಿಗ್ಗೆ ತಂಗಿಯ ಮಗಳು ಬಂದಳು. ಅವಳಿಗೆ ಅದೇ ಘಟಕದ ಪ್ರಯೋಗಾಲಯದಲ್ಲಿ ಕೆಲಸ, ದೊಡ್ಡಮ್ಮ ಅಧ್ಯಕ್ಷೆಯಾಗುವ ಮೊದಲಿನಿಂದಲೂ.

"ದೊಡ್ಡಮ್ಮ, ಬೇರೆ ಕಡೆ ಕೆಲಸ ಸಿಕ್ಕಿದೆ. ಸಂಬಳ ಸ್ವಲ್ಪ ಕಮ್ಮಿ. ಸಂಜೆಯೊಳಗೆ ಹೇಳ್ಬೇಕಂತೆ. ನಂಗೆ ಇಲ್ಲೇ ಇದ್ಬಿಡೋಣ ಅನ್ಸುತ್ತೆ, ನೀವೇನಂತೀರಿ?"

ಆಕೆ ರೂಢಿಯಂತೆ ಕಾಫಿ ಮಾಡಲು ಎದ್ದಳು. ಹುಡುಗಿ ಅಪ್ಪನ ಹಾಗೆಯೇ ಮುಖ ನೋಡುತ್ತಾ ಕಾದಳು. ಆಕೆ ಕಾಫಿ ಬಿಟ್ಟು ಅವಳತ್ತ ತಿರುಗಿದಳು.

"ಹೋಗು. ಇವತ್ತೇ ಒಪ್ಕೋ," ಎಂದಳು.

ಆಮೇಲೆ ಹುಡುಗಿಯ ಎದುರಲ್ಲೇ ಕಂಪನಿಯ ಕಾರ್ಯದರ್ಶಿಗೆ ಫೋನ್ ಮಾಡಿ, ಘಟಕ ಮುಚ್ಚುವ ಗುಟ್ಟನ್ನು ಬಿಟ್ಟುಕೊಟ್ಟಿದ್ದೇನೆ, ರಾಜೀನಾಮೆ ಕಳಿಸುತ್ತೇನೆ ಎಂದಳು. ಇಷ್ಟು ವರ್ಷ ಕಾಪಾಡಿಕೊಂಡ ಹೆಸರು ಒಂದೇ ಮಾತಿಗೆ ನೀರುಪಾಲಾಯಿತು. ಆದರೂ ಆಕೆಯ ಎದೆ ಹಗುರಾಗಿತ್ತು. ಕೊನೆಗೂ ತಂಗಿಯ ಋಣ ತೀರಿತು ಅನಿಸಿತು.

ಹುಡುಗಿಗೆ ಎಲ್ಲ ಅರ್ಥವಾಗಿತ್ತು. ಖುಷಿಪಡಲಿಲ್ಲ, ಥ್ಯಾಂಕ್ಸ್ ಹೇಳಲಿಲ್ಲ. ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು.

"ಘಟಕದಲ್ಲಿ ಇನ್ನೂರು ಜನ ಇದೀವಿ," ಎಂದಳು. "ಮಿಕ್ಕೋರಿಗೆಲ್ಲ ಯಾವ ದೊಡ್ಡಮ್ಮ ಇದಾರೆ?"