ನಾಲ್ಕಕ್ಕೆ ಇಳಿಯುವ ಪಾದರಸ

ಹೊಸ ಸಾಹೇಬರು ಹವಾಮಾನ ಕಚೇರಿಗೆ ಬಂದ ಮೊದಲ ದಿನವೇ ಬಿರುಗಾಳಿಯ ಕೆಂಪು ಬಾವುಟ ಏರಿಸಿಬಿಟ್ಟರು. ಆಕಾಶ ನೋಡಿದರೆ ತೊಳೆದಿಟ್ಟ ತಟ್ಟೆ! ದೋಣಿಗಳೆಲ್ಲ ದಡದಲ್ಲೇ ಉಳಿದವು. ಕತ್ತಲಾಗುವವರೆಗೂ ಒಂದೇ ಒಂದು ಎಲೆ ಅಲ್ಲಾಡಲಿಲ್ಲ. ಮಾರನೆಯ ದಿನವೂ ಅದೇ ಕತೆ, ಅದರ ಮಾರನೆಯ ದಿನವೂ.

ತಪ್ಪೆಲ್ಲ ಗಾಳಿಯ ಒತ್ತಡ ಅಳೆಯುವ ಪಾದರಸದ ಬ್ಯಾರೋಮೀಟರಿನದು ಎಂದು ಸಾಹೇಬರು ತೀರ್ಮಾನಿಸಿದರು. ಪಾಪ, ಅವರು ಇಪ್ಪತ್ತು ವರ್ಷ ದುಡಿದದ್ದು ದೂರದ ಚಳಿಸೀಮೆಯಲ್ಲಿ. ಅಲ್ಲಿ ಪಾದರಸ ಅರ್ಧ ದಿನದಲ್ಲಿ ಮೂರು ಗೆರೆ ಇಳಿಯಿತೆಂದರೆ ಬಿರುಗಾಳಿ ಬಾಗಿಲಿಗೆ ಬಂತೆಂದೇ ಲೆಕ್ಕ. ಇಲ್ಲಿ ದಿನವೂ ಇಳಿಯುತ್ತಿದೆ, ಗಾಳಿಯ ಸುಳಿವೇ ಇಲ್ಲ.

"ಇದು ಕೆಟ್ಟಿದೆ. ಶುಕ್ರವಾರ ಗುಜರಿ ಲಾರಿ ಬರುತ್ತಲ್ಲ, ಹಾಕಿ ಕಳಿಸಿ" ಎಂದರು.

ಅಳತೆಯಮ್ಮ ಬ್ಯಾರೋಮೀಟರಿಗೆ ಅಡ್ಡ ಬಂದು ನಿಂತಳು. ಇಪ್ಪತ್ತಾರು ವರ್ಷದಿಂದ ಆ ಗಾಜಿನ ಕೊಳವೆಯನ್ನು ಒರೆಸಿ, ಗೆರೆ ಎಣಿಸಿ, ಪುಸ್ತಕದಲ್ಲಿ ಬರೆದವಳು ಅವಳು. ಆ ಹೆಸರು ಊರವರು ಇಟ್ಟದ್ದೂ ಅದಕ್ಕೇ.

"ಅದು ಕೆಟ್ಟಿಲ್ಲ ಸಾರ್. ಬೆಳಿಗ್ಗೆ ಹತ್ತಕ್ಕೆ ಏರುತ್ತೆ, ಸಂಜೆ ನಾಲ್ಕಕ್ಕೆ ಇಳಿಯುತ್ತೆ. ದಿನಾನೂ."

"ಆಫೀಸಿಗೆ ಬಂದು ಹೋಗೋರ ಥರ?" ಸಾಹೇಬರು ನಕ್ಕರು.

"ಆಫೀಸಿನೋರು ಇಷ್ಟು ಸರಿಯಾಗಿ ಬರಲ್ಲ ಸಾರ್. ಇಲ್ಲಿ ಸೂರ್ಯ ನೆತ್ತಿ ಮೇಲೇ ಇರ್ತಾನಲ್ಲ, ಒಲೆ ಮೇಲಿನ ಗಾಳಿ ಥರ ನೆಲದ ಗಾಳಿ ಕಾದು, ಹಗುರಾಗಿ ಮೇಲೆ ಹೋಗುತ್ತೆ. ಆ ಜಾಗ ತುಂಬೋಕೆ ಉತ್ತರದಿಂದ, ದಕ್ಷಿಣದಿಂದ ಗಾಳಿ ಬರುತ್ತೆ. ಮೇಲೆ ಹೋದದ್ದು ದೂರ ಹೋಗಿ, ತಣ್ಣಗಾಗಿ, ಅಲ್ಲೆಲ್ಲೋ ಇಳಿಯುತ್ತೆ. ವರ್ಷವಿಡೀ ಅದೇ ಸುತ್ತು. ಅದಕ್ಕೇ ಇಲ್ಲಿ ಗಾಳಿಯ ಭಾರ ಕಮ್ಮಿ. ಸಾಲದ್ದಕ್ಕೆ, ಬಿಸಿಲಿಗೆ ಇಡೀ ಆಕಾಶವೇ ದಿನಕ್ಕೆ ಎರಡು ಸಲ ಉಬ್ಬಿ ಇಳಿಯುತ್ತೆ. ನಿಮ್ಮ ಕಡೆ ಬಿರುಗಾಳಿ ಗಲಾಟೆಯಲ್ಲಿ ಅದು ಯಾರ ಕಣ್ಣಿಗೂ ಬೀಳಲ್ಲ."

"ಕೇಳೋಕೆ ಚೆನ್ನಾಗಿದೆ. ಪುರಾವೆ?"

ಸಾಹೇಬರ ಪೆಟ್ಟಿಗೆಯಲ್ಲಿ ಅಂಗೈ ಅಗಲದ ಹಿತ್ತಾಳೆಯ ಬ್ಯಾರೋಮೀಟರ್ ಒಂದಿತ್ತು. ಬಂದ ದಿನದಿಂದ ಅದನ್ನು ಹೊಗಳಿದ್ದೇ ಹೊಗಳಿದ್ದು, ಹೊರಗೆ ತೆಗೆದದ್ದು ಮಾತ್ರ ಇಲ್ಲ.

"ಶುಕ್ರವಾರ ನಿಮ್ಮದನ್ನೂ ಪಕ್ಕದಲ್ಲಿಡಿ ಸಾರ್. ನಾನು ಗಡಿಯಾರ ನೋಡದೆ, ಪಾದರಸ ನೋಡಿಯೇ ನಾಲ್ಕಾಯಿತು ಅಂತ ಹೇಳ್ತೀನಿ. ತಪ್ಪಿದ್ರೆ ಲಾರಿಗೆ ನಾನೇ ಎತ್ತಿ ಹಾಕ್ತೀನಿ."

ಹೇಳಿಬಿಟ್ಟು ನಾಲಿಗೆ ಕಚ್ಚಿಕೊಂಡಳು. ಮಾತು ಬಾಯಿಂದ ಹೊರಟಾಗಿತ್ತು.

ಶುಕ್ರವಾರ ಬೆಳಿಗ್ಗೆಯೇ ಸಾಹೇಬರು ತಮ್ಮ ಹಿತ್ತಾಳೆಯದನ್ನು ಕೊಳವೆಯ ಪಕ್ಕ ಇಟ್ಟರು. ಮಧ್ಯಾಹ್ನ ಅಂಗಳದಲ್ಲಿ ಲಾರಿ ನಿಂತಿತು. ಬಾವುಟ ಅಂದೂ ಮೇಲೆಯೇ ಇತ್ತು. ದೋಣಿ ಬಿಡಲಾಗದೆ ಬೇಸತ್ತಿದ್ದ ಅವಳ ಮೈದುನ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕುಳಿತ. ಸಾಹೇಬರು ಕೈಗಡಿಯಾರ ಬಿಚ್ಚಿ ಮೇಜಿನ ಖಾನೆಗೆ ಹಾಕಿ, ಗೋಡೆ ಗಡಿಯಾರಕ್ಕೆ ಟವೆಲು ಹೊದಿಸಿದರು.

ಅಳತೆಯಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಪಾದರಸ ಇಳಿಯಿತು, ಇನ್ನಷ್ಟು ಇಳಿಯಿತು, ಆಮೇಲೆ ನಿಂತಿತು.

"ನಾಲ್ಕು."

ಸಾಹೇಬರು ಟವೆಲು ಎಳೆದರು. ಮೂರೂವರೆ!

"ಅರ್ಧ ಗಂಟೆ ತಪ್ಪಮ್ಮ" ಎಂದರು, ಸ್ವಲ್ಪ ಮರುಕದಿಂದಲೇ. ಅವಳಿಗೆ ಕಣ್ಣು ತುಂಬಿ ಬಂತು.

ಬಾಗಿಲಲ್ಲಿ ಮೈದುನ ಹೊಟ್ಟೆ ಹಿಡಿದು ನಗುತ್ತಿದ್ದ. "ಅತ್ತಿಗೆ, ನಿಮಗೂ ಮರೆತೇಹೋಯ್ತಾ? ಸಾರ್, ಆ ಗಡಿಯಾರ ಯಾವ ಕಾಲದಿಂದಲೋ ಅರ್ಧ ಗಂಟೆ ಹಿಂದಿದೆ. ಅದನ್ನ ಯಾರು ನೋಡ್ತಾರೆ? ಟೈಮ್ ಬೇಕಾದ್ರೆ ನಾವೆಲ್ಲ ಅತ್ತಿಗೆನೇ ಕೇಳೋದು."

ಸಾಹೇಬರು ಖಾನೆ ತೆರೆದರು. ಕೈಗಡಿಯಾರದಲ್ಲಿ ನಾಲ್ಕು ಗಂಟೆ ಮೂರು ನಿಮಿಷ. ಹಿತ್ತಾಳೆಯ ಬ್ಯಾರೋಮೀಟರಿನತ್ತ ಬಗ್ಗಿದರು. ಅದೂ ಬೆಳಗಿನಿಂದ ಸರಿಯಾಗಿ ಮೂರು ಗೆರೆ ಇಳಿದು ಕುಳಿತಿತ್ತು. ಇಪ್ಪತ್ತು ವರ್ಷದ ನಂಬಿಕಸ್ಥ ಗೆಳೆಯನೇ ಅಳತೆಯಮ್ಮನ ಪಕ್ಷ ಸೇರಿದ್ದ.

ಅವರು ಹೊರಗೆ ಹೋಗಿ, ತಮ್ಮ ಕೈಯಾರೆ ಹಗ್ಗ ಬಿಚ್ಚಿ ಬಾವುಟ ಇಳಿಸಿದರು. ಮೈದುನ ದಡದ ಕಡೆಗೆ ಓಡಿದ.

"ಸಾರ್, ಗುಜರಿಗೆ ಏನು ಒಯ್ಯಲಿ?" ಲಾರಿಯವನು ಕೂಗಿದ.

ಸಾಹೇಬರು ಒಳಗೆ ಬಂದು ಗೋಡೆ ಗಡಿಯಾರವನ್ನು ಮೊಳೆಯಿಂದ ಕಿತ್ತು ಅವನ ಕೈಗಿತ್ತರು.