ಮುಯ್ಯಾಳಿನ ಪ್ರಾಜೆಕ್ಟು

"ರೇಖಾ ಮೇಡಂ, ಸೋಮವಾರದಿಂದ ಫೈನಲ್ ಇಯರ್‌ನವರಿಗೆ ಅಕಾಡೆಮಿಕ್ ಇಂಗ್ಲಿಷ್ ನೀವೇ ತಗೊಳ್ಳಿ" ಎಂದು ಯೋಗೇಂದ್ರ ಸರ್ ಹೇಳಿದ್ದು ಗುರುವಾರ ಮಧ್ಯಾಹ್ನ. ನಾನಿನ್ನೂ ಊಟದ ಡಬ್ಬಿ ಮುಚ್ಚಿರಲಿಲ್ಲ. ಅವರು ನಮ್ಮ ವಿಭಾಗದ ಮುಖ್ಯಸ್ಥರು. ನಾನು ಕೊಪ್ಪದ ಆ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿ ಒಂಬತ್ತು ದಿನವಾಗಿತ್ತು. ಅಷ್ಟು ದಿನದಲ್ಲಿ ಹಾಜರಿ ಕರೆದದ್ದು ಬಿಟ್ಟರೆ ಬಾಯಿ ಬಿಟ್ಟು ಪಾಠ ಮಾಡಿದ್ದೇ ಇಲ್ಲ.

"ರಿಪೋರ್ಟ್ ಬರೆಯೋದು ಹೇಗೆ, ಕಾಪಿ ಹೊಡೀದೆ ಸ್ವಂತವಾಗಿ ಬರೆಯೋದು ಹೇಗೆ, ಅಷ್ಟೇ. ನಿಮ್ಮ ಎಂ.ಎ. ಪ್ರಾಜೆಕ್ಟಿಗೆ ಎಂಬತ್ತೆಂಟು ಮಾರ್ಕ್ಸ್ ಬಂದಿದೆಯಲ್ಲ, ಅದನ್ನೇ ತಂದು ತೋರಿಸಿ. ಹೇಗೆ ಬರೆದ್ರಿ ಅಂತ ಹೇಳಿ. ನಾನೂ ಹಿಂದೆ ಕೂತಿರ್ತೇನೆ. ಚೆನ್ನಾಗಾದ್ರೆ ವರ್ಷಪೂರ್ತಿ ನಿಮಗೇ."

ಚೆನ್ನಾಗಾಗದಿದ್ದರೆ ಏನೆಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನನ್ನ ಜಾಗಕ್ಕೆ ಇನ್ನೂ ನಾಲ್ಕು ಜನ ಅರ್ಜಿ ಹಾಕಿ ಕಾಯುತ್ತಿದ್ದರು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸುವುದೇಕೆ. ಆ ಪ್ರಾಜೆಕ್ಟು ನಾನು ಬರೆದದ್ದಲ್ಲ. ನನ್ನ ಸಹಪಾಠಿ, ಕಡಹಿನಬೈಲಿನ ಅನ್ನಪೂರ್ಣೇಶ್ವರಿ ಬರೆದದ್ದು. ಕೊನೆಯ ಸೆಮಿಸ್ಟರಿನಲ್ಲಿ ಅವಳ ಅಜ್ಜಿ ವೆಂಕಮ್ಮನನ್ನು ಶಿವಮೊಗ್ಗದಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ಅವರ ಮನೆಯಲ್ಲಿ ನೋಡಿಕೊಳ್ಳಲು ಬೇರೆ ಹೆಂಗಸರಿರಲಿಲ್ಲ, ಅವಳೇ ಹೋಗಿ ಕೂತರೆ ಪ್ರಾಜೆಕ್ಟು ಮುಗಿಯುತ್ತಿರಲಿಲ್ಲ. ಹನ್ನೆರಡು ದಿನ ನಾನು ಆ ಅಜ್ಜಿಗೆ ಗಂಜಿ ಕುಡಿಸಿ, ಮೈ ಒರೆಸಿ, ಮಂಚದ ಪಕ್ಕ ಮಲಗಿದೆ. ಅಷ್ಟರಲ್ಲಿ ಅವಳು ಹಾಸ್ಟೆಲ್ಲಿನಲ್ಲಿ ಕೂತು ತನ್ನದೂ ನನ್ನದೂ ಎರಡೂ ಬರೆದು ಮುಗಿಸಿದಳು.

ಕೊಪ್ಪದ ಹತ್ತಿರದ ನಮ್ಮೂರು ನಾರ್ವೆಯ ಕಡೆ ಇದಕ್ಕೆ ಮುಯ್ಯಾಳು ಎನ್ನುತ್ತೇವೆ. ಇವತ್ತು ನಾನು ನಿಮ್ಮ ಗದ್ದೆಯಲ್ಲಿ ದುಡಿಯುತ್ತೇನೆ, ನಾಳೆ ನೀವು ನಮ್ಮ ಗದ್ದೆಗೆ ಬನ್ನಿ. ಕೂಲಿ ಇಲ್ಲ, ಆಳಿಗೆ ಆಳು. ನಾನು ಬೆಳೆದದ್ದೇ ಹಾಗೆ. ಕಳ್ಳತನ ಎಂಬ ಮಾತು ನಾಲ್ಕು ವರ್ಷದಲ್ಲಿ ಒಂದು ದಿನವೂ ನನ್ನ ತಲೆಗೆ ಬಂದಿರಲಿಲ್ಲ, ದೇವರಾಣೆ. "ಕಾಪಿ ಹೊಡೀದೆ" ಎಂದು ಸರ್ ಸುಮ್ಮನೆ ಅಂದರು ನೋಡಿ, ಕುಂಬಳಕಾಯಿ ಕಳ್ಳ ಅಂದ ಕೂಡಲೇ ಹೆಗಲು ಮುಟ್ಟಿಕೊಂಡವಳು ನಾನು.

ಶುಕ್ರವಾರ ಆ ದಪ್ಪ ರಟ್ಟಿನ ಪುಸ್ತಕ ಹಿಡಿದು ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆಲ್ಲ ತಿರುಗಿದೆ. ಮೂರನೇ ಅಧ್ಯಾಯವನ್ನು ಆರು ಸಲ ಓದಿದೆ. ಓದಿದರೆ ತಿಳಿಯುತ್ತದೆ, ತಿಳಿಯದೆ ಏನು. ನೋಟ್ಸ್ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಸುರಿದು ಪಾಸಾದವಳು ನಾನೇ ಅಲ್ಲವೇ. ಸ್ವಂತವಾಗಿ ಒಂದು ಪುಟ ಇಂಗ್ಲಿಷ್ ಬರೆದದ್ದು ಮಾತ್ರ ಹುಟ್ಟಿದ ಮೇಲೆ ಇಲ್ಲ. ಹೇಗೆ ಬರೆದ್ರಿ ಎಂದು ಒಬ್ಬ ಹುಡುಗಿ ಎದ್ದು ಕೇಳಿದರೂ ನನ್ನ ಕಥೆ ಮುಗಿಯಿತು.

"ಎಂತಕ್ಕೆ ಹಂಗೆ ಸುತ್ತುತ್ತಿ ಮಾರಾಯ್ತಿ, ನೋಡಿ ನಂಗೇ ತಲೆ ತಿರುಗುತ್ತೆ" ಎಂದಳು ಅಮ್ಮ. ನಾನು ಮತ್ತೆ ಅಂಗಳಕ್ಕೆ ಹೋದೆ.

ಶನಿವಾರ ಬೆಳಗಿನ ಬಸ್ಸು ಹತ್ತಿ ನರಸಿಂಹರಾಜಪುರಕ್ಕೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರ ಅನ್ನಪೂರ್ಣೇಶ್ವರಿ ಈಗ ಸ್ವಂತ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟಿದ್ದಾಳೆ. ಯಾರದೋ ಪಹಣಿ ಪ್ರಿಂಟ್ ತೆಗೆಯುತ್ತಲೇ ನನ್ನ ಗೋಳು ಪೂರ್ತಿ ಕೇಳಿಸಿಕೊಂಡಳು.

"ಎಂತ ಮಾಡ್ಬೇಕು ಅಂತಿ ಈಗ?"

"ಹೇಗೆ ಬರೆದೆ ಅಂತ ಹೇಳಿಕೊಡು. ಅದನ್ನೇ ಬಾಯಿಪಾಠ ಮಾಡಿ ಹೇಳ್ತೇನೆ."

ಅವಳು ನಕ್ಕಳು. ಪುಸ್ತಕ ಇಸಿದುಕೊಂಡು ಮೊದಲ ಪುಟಗಳನ್ನು ಮಗುಚಿ, ಕೃತಜ್ಞತೆಯ ಪುಟದ ಮೇಲೆ ಬೆರಳಿಟ್ಟಳು. "ನೋಡು ಇಲ್ಲಿ. ನಿನ್ನ ಪರವಾಗಿ ಗೈಡಿಗೆ ಥ್ಯಾಂಕ್ಸ್ ಹೇಳಿದ್ದೆ. ಲೈಬ್ರರಿಯವ್ರಿಗೆ ಹೇಳಿದ್ದೆ. ನಿನ್ನ ಅಪ್ಪ ಅಮ್ಮಂಗೆ, ಮೇಲಿರೋ ದೇವ್ರಿಗೂ ಹೇಳಿದ್ದೆ. ನಂಗೊಂದು ಹೇಳ್ಕಳಕ್ಕೆ ಮರ್ತೇಹೋಯ್ತು."

ತಮಾಷೆಗೇ ಅಂದದ್ದು. ಆದರೆ ನನಗೆ ನಗು ಬರಲಿಲ್ಲ. ನಾಲ್ಕು ವರ್ಷ ನಾನು ಆ ಪುಟ ತೆರೆದು ನೋಡಿಯೇ ಇರಲಿಲ್ಲ.

"ನಾನು ಹೇಗೆ ಬರೆದೆ ಅನ್ನೋದು ನಂಗೂ ನೆನಪಿಲ್ಲೆ ಮಾರಾಯ್ತಿ. ಬರೆದು, ಹೊಡೆದುಹಾಕಿ, ಮತ್ತೆ ಬರೆದೆ, ಅಷ್ಟೇಯ" ಎಂದಳು. "ನನ್ನ ಹೆಸರು ಹೇಳ್ಬೇಕು ಅಂತಿದ್ರೆ ಹೇಳು. ನಂಗೆಂತೂ ಆಗ್ತಿಲ್ಲೆ, ನಂದು ಸ್ವಂತ ಅಂಗಡಿ. ನಿನ್ನ ಕೆಲ್ಸದ್ದು ನೀನೇ ಯೋಚ್ನೆ ಮಾಡು."

ಯೋಚನೆ ಮಾಡು ಎನ್ನುವುದು ಸುಲಭ. ವಾಪಸು ಬರುವಾಗ ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗದೆ ಕಂಬಿ ಹಿಡಿದು ನಿಂತೇ ಬಂದೆ.

ಭಾನುವಾರ ನಮ್ಮ ಗದ್ದೆಯ ನಟ್ಟಿ. ಅಪ್ಪ ಅಮ್ಮ ವರ್ಷವೆಲ್ಲ ಬೇರೆಯವರ ತೋಟದಲ್ಲಿ ಕೂಲಿ ಮಾಡಿದರೂ ನಮ್ಮದು ಅಂತ ಒಂದು ತುಂಡು ಗದ್ದೆಯಿದೆ. ಮುಯ್ಯಾಳಿಗೆ ಏಳು ಹೆಂಗಸರು ಬಂದಿದ್ದರು. ನಾನು ಗದ್ದೆಯ ಅಂಚಿನಲ್ಲಿ ಹಾಳೆ ಹಿಡಿದು, ಮಾರನೇ ದಿನ ಹೇಳಬೇಕಾದ ಸುಳ್ಳನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತ ಅತ್ತಿಂದಿತ್ತ ಓಡಾಡುತ್ತಿದ್ದೆ.

ಅಮ್ಮ ಸಸಿಯ ಕಟ್ಟು ಹಿಡಿದು ಸೊಂಟ ನೆಟ್ಟಗೆ ಮಾಡಿದಳು. "ರೇಖಾ, ಇಳಿ ಕೆಳಗೆ."

"ನಂಗೆ ನಾಳೆ ಪಾಠ ಇದೆ ಅಮ್ಮ. ಏಳು ಜನ ಇದಾರಲ್ಲ, ಸಾಕಾಗಲ್ವ?"

"ಸಾಲೋದು ಬಿಡೋದು ಬೇರೆ. ಮುಯ್ಯಾಳು ಬಂದ ದಿನ ಮನೆಯೋರು ಅಂಚಿನ ಮೇಲೆ ನಿಲ್ಬಾರ್ದು. ಅವ್ರು ಬಂದಿದ್ದು ನಮ್ಮ ಜೊತೆ ನೆಡೋಕೆ, ನಮ್ಮ ಬದ್ಲಿಗೆ ನೆಡೋಕಲ್ಲ."

ಅಮ್ಮ ಮತ್ತೆ ಬಗ್ಗಿದಳು. ಅವಳಿಗೆ ನನ್ನ ಪ್ರಾಜೆಕ್ಟಿನ ವಿಷಯ ಒಂದಕ್ಷರವೂ ಗೊತ್ತಿರಲಿಲ್ಲ. ನನಗೆ ಮಾತ್ರ ಕಪಾಳಕ್ಕೆ ಬಿಟ್ಟ ಹಾಗಾಯಿತು. ಹನ್ನೆರಡು ದಿನದ ಆಳು ನಾನು ಕೊಟ್ಟದ್ದು ನಿಜ, ಅನ್ನಪೂರ್ಣೇಶ್ವರಿ ಅದನ್ನು ತೀರಿಸಿದ್ದೂ ನಿಜ. ನನ್ನ ಗದ್ದೆಗೆ ನಾನು ಇಳಿದೇ ಇರಲಿಲ್ಲ.

ಹಾಳೆ ಮಡಚಿ ಕಲ್ಲಿನ ಕೆಳಗಿಟ್ಟು, ಚೂಡಿದಾರದ ಪ್ಯಾಂಟು ಮೊಣಕಾಲಿಗೆ ಮಡಿಸಿ ಇಳಿದೆ. ಎಲ್ಲರೂ ಎರಡು ಸಾಲು ಮುಗಿಸುವಷ್ಟರಲ್ಲಿ ನನ್ನದು ಅರ್ಧ ಸಾಲಾಗಿತ್ತು, ಅದೂ ಹಾವು ಹರಿದ ಹಾಗೆ.

"ಮೇಡಮ್ಮೋರು ನೆಟ್ಟಿದ್ದು ತೇಲಿ ಕೊಪ್ಪಕ್ಕೇ ಹೋಗುತ್ತೆ" ಎಂದಳು ಪಕ್ಕದ ಮನೆಯ ಸೀತಕ್ಕ. ಎಲ್ಲರೂ ನಕ್ಕರು. ನನ್ನ ಸಾಲನ್ನು ಅವಳು ಕಿತ್ತು ನೆಡಲಿಲ್ಲ. ತೇಲಿದ ಸಸಿ ಎತ್ತಿ ನನ್ನ ಕೈಗೇ ಕೊಟ್ಟಳು.

ಸಂಜೆ ಉಗುರಿನ ಕೆಸರು ಹೋಗುವ ಮೊದಲೇ ಬರೆಯಲು ಕೂತೆ. ಏನು ಬರೆಯುವುದು? ಗೊತ್ತಿದ್ದದ್ದು ಒಂದೇ, ನಾರ್ವೆಯ ಮುಯ್ಯಾಳು. ಅಡುಗೆಮನೆಯ ಬಾಗಿಲಲ್ಲಿ ಕೂತು ಅಮ್ಮನನ್ನು ಕೇಳಿದೆ. ಅವಳು ಹೇಳಿದಳು, ನಾನು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಎರಡು ಗಂಟೆಗೆ ಒಂದು ಪುಟ. ಓದಿ ನೋಡಿದರೆ ನನಗೇ ನಾಚಿಕೆ, ಆದರೂ ಎರಡು ಸಲ ಓದಿದೆ.

ಸೋಮವಾರ ತರಗತಿಯಲ್ಲಿ ನಲವತ್ತಮೂರು ಜನ. ಹಿಂದಿನ ಬೆಂಚಿನಲ್ಲಿ ಯೋಗೇಂದ್ರ ಸರ್. ನಾನು ದಪ್ಪ ಪುಸ್ತಕವನ್ನು ಮೇಜಿನ ಮೇಲಿಟ್ಟೆ.

"ಇದಕ್ಕೆ ಎಂಬತ್ತೆಂಟು ಮಾರ್ಕ್ಸ್ ಬಂದಿದೆ. ಹೆಸರು ನನ್ನದು, ಬರೆದದ್ದು ನಾನಲ್ಲ. ಹಾಗಾಗಿ ಇದನ್ನು ಹೇಗೆ ಬರೆದರು ಅಂತ ನನಗೆ ಹೇಳಲಿಕ್ಕೆ ಬರುವುದಿಲ್ಲ" ಎಂದೆ. ಗೀಚಿದ ನನ್ನ ಹಾಳೆಯನ್ನು ಎತ್ತಿ ಹಿಡಿದೆ. "ಇದು ನಾನೇ ಬರೆದದ್ದು, ನಿನ್ನೆ ಸಂಜೆ. ಇದರಲ್ಲಿ ತಪ್ಪುಗಳಿವೆ. ಇವತ್ತು ಇದನ್ನೇ ಒಟ್ಟಿಗೆ ತಿದ್ದುವ."

ಯೋಗೇಂದ್ರ ಸರ್ ಎದ್ದು ನಿಂತರು. ಬಾಗಿಲವರೆಗೆ ಹೋಗಿ, "ಕ್ಲಾಸ್ ಮುಗಿಸಿ ಪ್ರಿನ್ಸಿಪಾಲರ ರೂಮಿಗೆ ಬನ್ನಿ" ಎಂದು ಹೊರಟುಹೋದರು.

ಕೆಲಸ ಹೋಯಿತು ಎಂದು ನನಗೆ ಅಲ್ಲೇ ಗೊತ್ತಾಯಿತು. ಗಡಿಯಾರ ನೋಡಿದೆ, ಇನ್ನೂ ನಲವತ್ತು ನಿಮಿಷವಿತ್ತು.

ತಿರುಗಿ, ನನ್ನ ಪುಟದ ಮೊದಲ ವಾಕ್ಯವನ್ನು ಬೋರ್ಡಿನ ಮೇಲೆ ಬರೆದೆ. ಅದರ ಕೆಳಗೆ, ಹೇಳಿದವರು ಕಮಲಕ್ಕ, ನಾರ್ವೆ ಎಂದು ಅಮ್ಮನ ಹೆಸರು ಬರೆದೆ. ಅದಕ್ಕೂ ಕೆಳಗೆ, ನಾಲ್ಕು ವರ್ಷ ತಡವಾಗಿ, ಅನ್ನಪೂರ್ಣೇಶ್ವರಿಗೆ ಥ್ಯಾಂಕ್ಸ್ ಬರೆದೆ.

ಮುಂದಿನ ಬೆಂಚಿನ ಸಿಂಚನಾ ಎಂಬ ಹುಡುಗಿ ಮೆಲ್ಲಗೆ ಕೈ ಎತ್ತಿದಳು. "ಮೇಡಂ, ಮೊದಲ್ನೇ ಸಾಲಲ್ಲೇ ಒಂದು ತಪ್ಪಿದೆ."

ನಾನು ಚಾಕ್‌ಪೀಸನ್ನು ಅವಳ ಕಡೆ ಚಾಚಿದೆ. "ಬಾ, ನನ್ನ ಜೊತೆ ನಿಂತು ತಿದ್ದು."